ನಡುವಿನ ಆರು ಮೀಟರು

• ಮಾವನಿಗೆ ಬಾಯಿಂದ ಕ್ಯಾಮೆರಾ ಇಳಿಸಿ ನೋಡಿದರು, ಕೆಳಗಿನಿಂದ ಏರಿಸಿಯೂ ನೋಡಿದರು. ಎರಡು ವರದಿಯೂ ‘ನಾರ್ಮಲ್’. ಮೇಲಿನದು ಸಣ್ಣ ಕರುಳಿನ ಮೊದಲ ತಿರುವಿನಲ್ಲೇ ನಿಂತಿತ್ತು, ಕೆಳಗಿನದು ಅದರ ಕೊನೆಯ ಬಾಗಿಲಲ್ಲಿ ಇಣುಕಿ ವಾಪಸಾಗಿತ್ತು. ನಡುವೆ ಸುಮಾರು 6 ಮೀಟರು ಇದೆಯಲ್ಲ, ಅದನ್ನು ನಾರ್ಮಲ್ ಎಂದವರು ಯಾರು? ಉಂಡ ಮೇಲೆ ಹಿಂಡುವ ನೋವಿಗೆ ‘ಗ್ಯಾಸು’ ಅಂತ ಎರಡು ವರ್ಷ ಮಾತ್ರೆ ನುಂಗಿದ್ದಾರೆ.

• ಜೀರ್ಣನಾಳದ ಉದ್ದದಲ್ಲಿ ಮುಕ್ಕಾಲು ಪಾಲು ಸಣ್ಣ ಕರುಳೇ. ಆ ನಾಳದ ಕ್ಯಾನ್ಸರುಗಳಲ್ಲಿ ಅದರ ಪಾಲು ಮಾತ್ರ ನೂರಕ್ಕೆ ಐದೂ ಇಲ್ಲ. ಒಳಗಿರುವುದು ತೆಳು ಗಂಜಿ, ಬೇಗ ಸಾಗಿಬಿಡುತ್ತದೆ. ಬ್ಯಾಕ್ಟೀರಿಯಾ ಕಡಿಮೆ. ಒಳಪದರದ ಜೀವಕೋಶಗಳು ನಾಲ್ಕೈದು ದಿನಕ್ಕೆಲ್ಲ ಉದುರಿ ಹೊಸದಾಗುತ್ತವೆ. ಹೀಗಂತ ಕಾರಣ ಕೊಡುತ್ತಾರೆ. ಅಪರೂಪವಾದ್ದರಿಂದಲೇ ಬಂದಾಗ ಯಾರಿಗೂ ಹೊಳೆಯುವುದಿಲ್ಲ.

• ಸಿಟಿ ಸ್ಕ್ಯಾನ್ ಆಯಿತು. ಕರುಳು ಎಲ್ಲೂ ಇಕ್ಕಟ್ಟಾಗಿಲ್ಲ, ಸಿಕ್ಕಿಕೊಳ್ಳುವ ಭಯವಿಲ್ಲ ಅಂತ ಕ್ಯಾಪ್ಸೂಲ್ ನುಂಗಿಸಿದರು. 26 ಮಿಲಿಮೀಟರಿನ ಈ ಕ್ಯಾಮೆರಾದ ಕಲ್ಪನೆ ಇಸ್ರೇಲಿನ ಎಂಜಿನಿಯರ್ ಗೇವ್ರಿಯಲ್ ಇದ್ದಾನ್ ಅವರದು. ಅದಕ್ಕೂ ಮುಂಚೆ ಕ್ಷಿಪಣಿಗಳಿಗೆ ಕಣ್ಣು ಕೂರಿಸುತ್ತಿದ್ದವರು! ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಸೊಂಟಕ್ಕೆ ರೆಕಾರ್ಡರ್ ಬಿಗಿದುಕೊಂಡು ಮಾವ ಎಂಟು ಗಂಟೆ ಕಾರಿಡಾರಿನಲ್ಲಿ ಓಡಾಡಿದರು. ಐವತ್ತು ಸಾವಿರದಷ್ಟು ಫೋಟೊ. ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂನಲ್ಲಿ ಒಂದು ಗುಬುಟು.

• ನ್ಯೂರೋಎಂಡೋಕ್ರೈನ್ ಗಡ್ಡೆಯಂತೆ. ಹಳೆಯ ಹೆಸರು ‘ಕಾರ್ಸಿನಾಯ್ಡ್’, ಅಂದರೆ ಕ್ಯಾನ್ಸರಿನ ಹಾಗಿರುವುದು. 1907ರಲ್ಲಿ ಆ ಹೆಸರಿಟ್ಟವರು ಮ್ಯೂನಿಕ್‌ನ ಓಬರ್ನ್‌ಡಾರ್ಫರ್. ಹರಡುವಂಥವೂ ಇವೆ ಎಂದು 1929ರಲ್ಲಿ ತಾವೇ ಒಪ್ಪಿಕೊಂಡರು. ಹೆಸರು ಮಾತ್ರ ಬಿಟ್ಟುಹೋಗಲಿಲ್ಲ.

• 24 ಗಂಟೆಯ ಮೂತ್ರ ಹಿಡಿಯಲು ದೊಡ್ಡ ಕ್ಯಾನು. ಮೂರು ದಿನ ಬಾಳೆಹಣ್ಣು ಬಂದ್. ಈ ಗಡ್ಡೆ ಸೆರೊಟೋನಿನ್ ಸುರಿಸುತ್ತದೆ, ಬಾಳೆಹಣ್ಣಿನಲ್ಲೂ ಅದಿದೆ, ಲೆಕ್ಕ ತಪ್ಪುತ್ತದೆ. “ಏಲಕ್ಕಿ ಬಾಳೆಯೂ ಬೇಡ್ವಾ ಡಾಕ್ಟ್ರೇ?” ಎಂದರು ಮಾವ. ಸುರಿದದ್ದನ್ನು ಲಿವರ್ ಒಡೆದು ಹಾಕುತ್ತದಂತೆ. ಮುಖ ಕೆಂಪೇರುವುದು, ಭೇದಿ ಶುರುವಾಗುವುದು ಹೆಚ್ಚಾಗಿ ಗಡ್ಡೆ ಲಿವರಿಗೇ ಹರಡಿದ ಮೇಲೆ.

• ಗಡ್ಡೆಯ ಮೈಮೇಲೆ ಒಂದು ಹಾರ್ಮೋನು ಕೂರುವ ಕೊಂಡಿಗಳಿವೆ. ಅಲ್ಲಿ ಹೋಗಿ ಕೂರುವ ಅಣುವಿಗೆ ವಿಕಿರಣ ಸೂಸುವ ಗ್ಯಾಲಿಯಂ-68 ಕಟ್ಟಿ ಕಳಿಸಿದರೆ ಗಡ್ಡೆಯ ಚಿತ್ರ ಸಿಗುತ್ತದೆ. ಲುಟೇಶಿಯಂ-177 ಕಟ್ಟಿದರೆ ಗಡ್ಡೆ ಸುಡುತ್ತದೆ. ವಿಳಾಸ ಒಂದೇ, ಹೊರೆ ಬೇರೆ.

• ಲಿವರ್ ಚೊಕ್ಕಟವಾಗಿತ್ತು. ಆಪರೇಷನ್ ಮುಗಿಸಿ ಬಂದ ಸರ್ಜನ್, ಹೂವಿನ ದಂಡೆ ಸವರುವ ಹಾಗೆ ಬೆರಳಾಡಿಸಿ ತೋರಿಸಿದರು. ಇಂಥ ಗಡ್ಡೆ ಒಂಟಿಯಾಗಿರುತ್ತದೆ ಎಂದು ನಂಬುವಂತಿಲ್ಲವಂತೆ, ಅದಕ್ಕೇ ಇಡೀ ಕರುಳನ್ನು ಗೇಣುಗೇಣಾಗಿ ಮುಟ್ಟಿ ನೋಡುತ್ತಾರೆ. ಇನ್ನೆರಡು ಸಿಕ್ಕವು, ಮೆಣಸಿನ ಕಾಳಿನಷ್ಟು. ಫೋಟೊಗಳಲ್ಲಿ ಅವು ಬಿದ್ದಿರಲಿಲ್ಲ.