ಮೇಟಿಯೂ ಪಾಟಿಯೂ

ಒಕ್ಕಲು ಮನೆಯ ಹುಡುಗನಿಗೆ ಮೇಲಿನ ಓದು ಬೇಕೆ, ಬೇಡವೆ? ಪರೀಕ್ಷೆಯ ಫಲಿತಾಂಶ ಬಂದೊಡನೆ ಊರಿನವರು ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದಿಡುತ್ತಾರೆ. ಮುಂಬಯಿಯಲ್ಲಿರುವವರಿಗೆ ಎಲ್ಲವೂ ತಿಳಿದಿರುತ್ತದೆಂಬ ನಂಬಿಕೆ ಊರಲ್ಲಿ ಇನ್ನೂ ಅಳಿದಿಲ್ಲ. ಅದನ್ನು ಕೆಡಿಸುವ ಧೈರ್ಯ ನಮಗೂ ಇಲ್ಲ.

ಈ ಸಲ ಕೇಳಿದವರು ನಮ್ಮ ಅಣ್ಣನವರೇ. ನವಲಗುಂದದ ಕಡೆಗೆ ಮಳೆಯನ್ನೇ ನಂಬಿದ ನಾಲ್ಕು ಎಕರೆ ಎರೆಹೊಲ ಅವರದು. ಹಿರಿಯ ಮಗ ಹೊಲ ನೋಡಿಕೊಳ್ಳುತ್ತಾನೆ. ಎರಡನೆಯವನು ಪಿ.ಯು.ಸಿ. ಮುಗಿಸಿದ್ದಾನೆ, ಮಗಳು ಹತ್ತನೆಯದು ಪಾಸಾಗಿದ್ದಾಳೆ. ಎರಡನೆಯವನನ್ನು ಇಂಜಿನಿಯರಿಂಗಿಗೆ ಹಾಕಲು ಒಂದೆಕರೆ ಮಾರಲೇ ಎಂಬುದು ಅಣ್ಣನ ಪ್ರಶ್ನೆ. ನಡುವೆಯೇ ವೈನಿಯವರು ಫೋನು ತೆಗೆದುಕೊಂಡು, "ಹೊಲಾ ಮಾರಿ ಕಲಿಸಿ, ನಾಳೆ ನೌಕರಿ ಸಿಗಲಿಲ್ಲಂದ್ರ ಹೊಲಾನೂ ಹೋತು, ಹುಡುಗನೂ ಹೋದ" ಎಂದರು. ಇಬ್ಬರ ಮಾತನ್ನೂ ತೆಗೆದುಹಾಕುವಂತಿಲ್ಲ.

ಮೊದಲು ಲೆಕ್ಕ ಹಾಕೋಣ. ನಾಲ್ಕೆಕರೆ ಎಂದರೆ 160 ಗುಂಟೆ. 2005ರ ತಿದ್ದುಪಡಿಯ ಬಳಿಕ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು. ಮೂವರಿಗೆ ಹಂಚಿದರೆ ತಲೆಗೆ ಒಂದು ಎಕರೆ ಹದಿಮೂರು ಗುಂಟೆ. ಇದು ನಮ್ಮ ಮನೆಯೊಂದರ ಕಥೆಯಲ್ಲ. ಕೃಷಿ ಗಣತಿಯ ಪ್ರಕಾರ ದೇಶದ ಸರಾಸರಿ ಹಿಡುವಳಿ 1970-71ರಲ್ಲಿ 2.28 ಹೆಕ್ಟೇರು ಇದ್ದದ್ದು 2015-16ರಲ್ಲಿ 1.08ಕ್ಕೆ ಇಳಿಯಿತು. ಮನೆ ಬೆಳೆದಂತೆ ಹೊಲ ಬೆಳೆಯಲಿಲ್ಲ. ಹೀಗಿರುವಾಗ ಒಬ್ಬ ಹುಡುಗ ಓದಿ ಹೊರಗೆ ಅನ್ನ ದುಡಿದುಕೊಂಡರೆ ಅದು ಹೊಲಕ್ಕೆ ಬಗೆದ ದ್ರೋಹವಲ್ಲ; ಇದ್ದವರ ಪಾಲಿಗೆ ಹೊಲವನ್ನು ಉಳಿಸಿಕೊಟ್ಟಂತೆ.

ಓದು ಸಂಬಳಕ್ಕಷ್ಟೇ ಅಲ್ಲ. 1974ರಲ್ಲಿ ಭೂಸುಧಾರಣೆಯ ಕಾಯಿದೆಗೆ ತಿದ್ದುಪಡಿಯಾದಾಗ, ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಯಿತು. ಮನೆಯಲ್ಲಿ ಅರ್ಜಿ ಬರೆಯಬಲ್ಲ ಒಬ್ಬನಿದ್ದರೆ ಅದೆಷ್ಟು ಬಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂದು ಪಹಣಿ, ಬೆಳೆವಿಮೆ, ಬ್ಯಾಂಕಿನ ನೋಟೀಸು, ಎಲ್ಲಕ್ಕೂ ಅಕ್ಷರವೇ ಬೇಕು.

ಹಾಗೆಂದು ಹೊಲ ಮಾರಬೇಕೆ? ಬೇಡವೆಂದೇ ನಮ್ಮ ಮತ. ಸಾತಾರೆಯ ಕಡೆ ಭಾವೂರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ್ದು ಇಂಥ ಮಕ್ಕಳಿಗಾಗಿಯೇ. ದುಡಿಯುತ್ತ ಕಲಿ ಎಂಬುದು ಅವರು ಹಾಕಿಕೊಟ್ಟ ದಾರಿ. ನಮ್ಮಲ್ಲೂ ಮಠಗಳ ಉಚಿತ ಪ್ರಸಾದನಿಲಯಗಳೂ ಗೃಹಸ್ಥರ ಮನೆಯ ವಾರಾನ್ನವೂ ಎಷ್ಟೋ ಜನರನ್ನು ಪದವಿ ದಾಟಿಸಿದವು. ಕರ್ನಾಟಕ ಸರಕಾರ 2021ರಲ್ಲಿ ರೈತ ವಿದ್ಯಾನಿಧಿಯನ್ನು ಆರಂಭಿಸಿ, ಇಂಜಿನಿಯರಿಂಗ್ ಓದುವ ರೈತರ ಮಗನಿಗೆ ವರ್ಷಕ್ಕೆ 10,000, ಮಗಳಿಗೆ 11,000 ರೂಪಾಯಿ ಗೊತ್ತುಮಾಡಿತು. ಅದರಿಂದ ಇಡೀ ಖರ್ಚು ನೀಗದು. ಪುಸ್ತಕಕ್ಕೂ ಬಸ್ಸಿಗೂ ಆದೀತು. ಕೃಷಿ ಪದವಿಗೆ ರೈತರ ಮಕ್ಕಳಿಗೆಂದೇ ಸೀಟುಗಳಿವೆ. ಅದರ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ ನೋಡಿ ಹೆಸರು ಹೇಳಬೇಕು. ಕುಸುಬಿ ಯಾವುದು, ಅಗಸಿ ಯಾವುದು ಎಂದು ನಮ್ಮ ಹುಡುಗನಿಗೆ ಯಾರೂ ಕಲಿಸಬೇಕಾಗಿಲ್ಲ! ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಹತ್ತಿರವೇ ಇದೆ.

ಇಷ್ಟನ್ನೂ ಅಣ್ಣನವರಿಗೆ ತಿಳಿಸಿದೆವು. ಹುಡುಗನ ಮನಸ್ಸು ಯಾವುದರ ಮೇಲಿದೆಯೆಂದು ಮೊದಲು ಕೇಳಿ. ಸರಕಾರಿ ಸೀಟಿಗೆ ಪ್ರಯತ್ನವಾಗಲಿ. ದುಬಾರಿ ಕಾಲೇಜಿನ ಹೆಸರಿಗೆ ಮರುಳಾಗುವುದು ಬೇಡ. ಮೊದಲ ವರ್ಷದ ಫೀ ನಮ್ಮದು. ವೈನಿಯವರಿಗೆ ಸಮಾಧಾನವಾಯಿತು. ಆಗ ನಾವು ಇನ್ನೊಂದು ಕೇಳಿದೆವು: "ಹುಡುಗಿಯ ಸಾಲಿ?" ಅತ್ತಲಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಅಣ್ಣನ ಫೀಗಾಗಿ ತಂಗಿಯ ಓದು ನಿಂತರೆ ಒಂದೆಕರೆ ಮಾರಿದ್ದಕ್ಕಿಂತ ಅದು ದೊಡ್ಡ ನಷ್ಟ. ಅವಳ ಹೆಸರನ್ನೂ ಕಾಲೇಜಿನಲ್ಲಿ ಹಚ್ಚುತ್ತೇವೆಂದು ಮಾತು ಕೊಟ್ಟ ಮೇಲೆಯೇ ಫೋನು ಇಟ್ಟೆವು.

ಪರಊರಿನಲ್ಲಿ ನೆಲೆಸಿದ ನಮ್ಮ ಬಂಧುಗಳಲ್ಲಿ ಒಂದೇ ವಿಜ್ಞಾಪನೆ. ಊರಿನ ಮಕ್ಕಳಿಗೆ ಬುದ್ಧಿವಾದದ ಜೊತೆಗೆ ಒಂದು ವರ್ಷದ ಫೀಯನ್ನೋ ಒಂದು ಅರ್ಜಿಯ ಓಡಾಟವನ್ನೋ ಕೊಡೋಣ. ನಮ್ಮ ಮಕ್ಕಳು ರಜೆಗೆ ಊರಿಗೆ ಹೋದಾಗ ದೊಡ್ಡಪ್ಪನ ಜೊತೆ ಹೊಲಕ್ಕೂ ಹೋಗಿಬರಲಿ. ಪಾಟಿ ಹಿಡಿದ ಕೈಗೆ ಮೇಟಿಯ ಬಗ್ಗೆ ತಾತ್ಸಾರ ಹುಟ್ಟಿದರೆ ಆ ಓದು ಎಷ್ಟು ಮೇಲಿನದಾದರೂ ಪೂರ್ಣವಲ್ಲ.