ಕಾವಲಿಗೂ ಒಂದು ಕಾವಲು

ಹೆಪ್ಪು ಹಾಕಿದ ಹಾಲನ್ನು ಅಲುಗಿಸಬಾರದೆಂಬುದು ಮನೆವಾರ್ತೆ ಬಲ್ಲವರಿಗೆಲ್ಲ ಗೊತ್ತು. ರಕ್ತದ ಸ್ವಭಾವವೂ ಹೆಚ್ಚುಕಡಮೆ ಇದೇ. ಹರಿಯುತ್ತಿರುವವರೆಗೆ ಅದು ಜೀವಧಾರೆ. ನಿಂತಿತೋ, ಹೆಪ್ಪುಗಟ್ಟಲು ಹವಣಿಸುತ್ತದೆ.

ವಯಸ್ಸಾದಂತೆ ಕೆಲವರ ಹೃದಯ ತಾಳ ತಪ್ಪುತ್ತದೆ. ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಸರಿಯಾಗಿ ಸಂಕುಚಿಸದೆ ಬರಿದೆ ನಡುಗುತ್ತವೆ. ಆಗ ಎಡ ಹೃತ್ಕರ್ಣದ ಮಗ್ಗುಲಿನ ಪುಟ್ಟ ಚೀಲದಲ್ಲಿ ರಕ್ತ ಮಡುಗಟ್ಟುತ್ತದೆ. ಕವಾಟದ ರೋಗವಿಲ್ಲದ ಇಂಥವರ ಎಡ ಹೃತ್ಕರ್ಣದಲ್ಲಿ ಕಾಣುವ ಹೆಪ್ಪುಗಳಲ್ಲಿ ನೂರಕ್ಕೆ ಸುಮಾರು 90 ಈ ಚೀಲದಲ್ಲೇ ಹುಟ್ಟುತ್ತವೆಂದು 1996ರ ಸಮೀಕ್ಷೆಯೊಂದು ತಿಳಿಸಿತು. ಅದರ ತುಣುಕೊಂದು ಮಿದುಳಿಗೆ ತೇಲಿಹೋದರೆ ಪಾರ್ಶ್ವವಾಯು.

ಇದನ್ನು ತಡೆಯಲು ವಾರ್ಫರಿನ್ ಮೊದಲಾದ ಮಾತ್ರೆಗಳುಂಟು. ಆದರೆ ರಕ್ತಸ್ರಾವಕ್ಕೆ ತುತ್ತಾಗುವ ದೇಹಕ್ಕೆ ಆ ಮದ್ದೇ ಮೃತ್ಯುವಾದೀತು. ಆದ್ದರಿಂದಲೇ ಚೀಲದ ಬಾಯಿಗೆ ಮುಚ್ಚಳವಿಡುವ ಉಪಾಯ ಹೊಳೆಯಿತು. 2001ರಲ್ಲಿ ತೊಡೆಯ ರಕ್ತನಾಳದ ಮೂಲಕ ಮೊದಲ ಮುಚ್ಚಳ ಹೃದಯವನ್ನು ಸೇರಿತು; 2015ರಲ್ಲಿ 'ವಾಚ್‌ಮನ್' ಎಂಬ ಸಾಧನಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹೆಸರೇ ಕಾವಲುಗಾರ!

ಆದರೆ ಬೇಲಿಯೇ ಎದ್ದು ಹೊಲ ಮೇಯುವುದೂ ಉಂಟಲ್ಲವೆ? ಲೋಹದ ಹಂದರ, ಅದರ ಮೇಲೊಂದು ಬಟ್ಟೆ: ರಕ್ತದ ಪಾಲಿಗೆ ಇದು ಅಪರಿಚಿತ. ದೇಹದ ಒಳಪೊರೆ ಬೆಳೆದು ಅದನ್ನು ತನ್ನದನ್ನಾಗಿಸಿಕೊಳ್ಳುವವರೆಗೆ ಹೆಪ್ಪು ಮುಚ್ಚಳದ ಮೇಲೆಯೇ ಕೂರಬಹುದು. ನೂರರಲ್ಲಿ ಮೂರು ನಾಲ್ಕು ಮಂದಿಗೆ ಹೀಗಾಗುತ್ತದೆಂದೂ, ಅವರಿಗೆ ಪಾರ್ಶ್ವವಾಯುವಿನ ಭಯ ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದೂ 2018ರ ಅಧ್ಯಯನವೊಂದು ಹೇಳಿತು. ಹಿಂದೆ ಪಾರ್ಶ್ವವಾಯು ಬಡಿದವರು, ತಾಳತಪ್ಪು ಶಾಶ್ವತವಾದವರು, ಹೃದಯದ ಒತ್ತುಬಲ ಕುಂದಿದವರು ಹೆಚ್ಚು ಎಚ್ಚರದಿಂದಿರಬೇಕು.

ಮಾತ್ರೆಯ ಕಾಟ ತಪ್ಪಲೆಂದು ಶಸ್ತ್ರವೈದ್ಯಕ್ಕೊಪ್ಪಿದ ವೃದ್ಧರೊಬ್ಬರು ಮನೆಗೆ ಮರಳುವಾಗ ಕೈಯಲ್ಲಿ ಮತ್ತೆ ಮಾತ್ರೆಯ ಚೀಟಿ ಕಂಡು ಬೇಸರಿಸಿದರೆ ಅಚ್ಚರಿಯಿಲ್ಲ. ಮೊದಲ ಪ್ರಯೋಗಗಳ ಕ್ರಮದಂತೆ 45 ದಿನ ವಾರ್ಫರಿನ್, ಅನಂತರ ಅನ್ನನಾಳದ ಮೂಲಕ ಹೃದಯದ ಪರೀಕ್ಷೆ, ಮುಂದೆ ಆರನೆಯ ತಿಂಗಳವರೆಗೆ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್. ರಕ್ತಸ್ರಾವದ ಭಯವುಳ್ಳವರಿಗೆ ವೈದ್ಯರು ಇದನ್ನು ಬದಲಿಸುವುದೂ ಉಂಟು. ಹೆಪ್ಪು ಕಂಡರೆ ಸಾಮಾನ್ಯವಾಗಿ ಕೆಲವು ವಾರ ಮತ್ತೆ ರಕ್ತ ತಿಳಿಯಾಗಿಸುವ ಮದ್ದು, ಮತ್ತೆ ಪರೀಕ್ಷೆ. ಒಂದು ಕಡೆ ಹೆಪ್ಪು, ಇನ್ನೊಂದು ಕಡೆ ಸ್ರಾವ. ನಡುವಿನ ದಾರಿ ಬಲು ಕಿರಿದು.

ಆ ದಾರಿಯಲ್ಲಿ ವೃದ್ಧರನ್ನು ಒಂಟಿಯಾಗಿ ಬಿಡಬಾರದು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದಂತೆ, ಪರೀಕ್ಷೆಯ ದಿನ ತಪ್ಪದಂತೆ ನೋಡಿಕೊಳ್ಳುವವರೊಬ್ಬರು ಮನೆಯಲ್ಲಿರಬೇಕು. ಹೃದಯದೊಳಗಿನ ಕಾವಲುಗಾರನಿಗೆ ಈ ಹೊರಗಿನ ಕಾವಲು ಅನಿವಾರ್ಯ.