ಹಾಸಿಗೆ ಹಿಡಿದವರಿಗೂ ಜಾಗ ಬೇಕು

ತೊಂಬತ್ತರ ದಶಕದಲ್ಲಿ ನಾನು ನರ್ಸ್ ಆಗಿ ಕೆಲಸಕ್ಕೆ ಸೇರಿದಾಗ ಬೆಂಗಳೂರಿನಲ್ಲಿ ವೃದ್ಧಾಶ್ರಮ ಅಂದರೆ ದಿಕ್ಕಿಲ್ಲದವರ ನೆಲೆ ಎಂದೇ ಜನ ತಿಳಿದಿದ್ದರು. ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸನ್ಯಾಸಿನಿಯರು ಬಹಳ ಹಿಂದಿನಿಂದ ಬಡ ಮುದುಕರನ್ನು ಸಾಕುತ್ತಿದ್ದರು. ಮಕ್ಕಳಿದ್ದೂ ಆಶ್ರಮ ಸೇರಿದವರ ಬಗ್ಗೆ ನೆಂಟರು ನಾಲ್ಕು ಮಾತು ಆಡದೆ ಬಿಡುತ್ತಿರಲಿಲ್ಲ.

ನಾನಿದ್ದ ಆಶ್ರಮದ ಅರ್ಜಿಯಲ್ಲಿ ಒಂದು ಷರತ್ತಿತ್ತು: ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಪ್ರವೇಶ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯೊಬ್ಬರನ್ನು ಆಸ್ಪತ್ರೆಯಿಂದ ವಾಪಸ್ ಸೇರಿಸಿಕೊಳ್ಳಲಿಲ್ಲ. ಅಣ್ಣನ ಮಗ ಬಂದು ಕರೆದುಕೊಂಡು ಹೋದ. ಆಶ್ರಮದವರು ಕಟುಕರಲ್ಲ; ರಾತ್ರಿ ಪಾಳಿಗೆ ಇದ್ದದ್ದು ಒಬ್ಬಳೇ ಆಯಾ.

ಮಕ್ಕಳು ಅಮೆರಿಕ, ಆಸ್ಟ್ರೇಲಿಯಾ ಸೇರುತ್ತಿದ್ದಂತೆ ಚಿತ್ರ ಬದಲಾಯಿತು. ಊರಂಚಿನಲ್ಲಿ ‘ಅಸಿಸ್ಟೆಡ್ ಲಿವಿಂಗ್’ ಮನೆಗಳು ಎದ್ದವು. ಸ್ವಂತ ಕೋಣೆ, ಬಚ್ಚಲ ಗೋಡೆಗೆ ಹಿಡಿಕೆ, ದಿಂಬಿನ ಪಕ್ಕ ಕರೆಗಂಟೆ, ಸ್ನಾನಕ್ಕೆ, ಮಾತ್ರೆಗೆ ಒಬ್ಬರ ನೆರವು. 2010ರಲ್ಲಿ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಸಂಸ್ಥೆ ಮರೆವಿನ ಕಾಯಿಲೆಯವರಿಗೆಂದೇ ಕೇಂದ್ರ ತೆರೆಯಿತು. ಹಣ ಕೊಟ್ಟು ಇರುವುದರಲ್ಲಿ ನಾಚಿಕೆಯಿಲ್ಲ ಎಂಬ ಧೈರ್ಯ ಹಿರಿಯರಿಗೂ ಬಂತು. ಇದು ಒಳ್ಳೆಯ ಬದಲಾವಣೆ.

ಆದರೆ ಹಾಸಿಗೆ ಹಿಡಿದವರ ಶುಶ್ರೂಷೆಯೇ ಬೇರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾದರೆ ಬೆರಳಿಂದ ಒತ್ತಿ ನೋಡುತ್ತೇವೆ. ಬೆರಳು ತೆಗೆದ ಮೇಲೂ ಜಾಗ ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಬೆಡ್‌ಸೋರ್ ಶುರುವಾಗಿದೆ ಎಂದೇ ಲೆಕ್ಕ. ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವಾಗ ತಲೆ ಎತ್ತರಿಸಿರಬೇಕು, ಹಾಕಿದ ಕೂಡಲೇ ಮಲಗಿಸಬಾರದು, ಇಲ್ಲವಾದರೆ ಅದು ಶ್ವಾಸಕೋಶಕ್ಕೆ ಇಳಿದೀತು. ಇದಕ್ಕೆ ಹಗಲೂ ರಾತ್ರಿ ತರಬೇತಾದ ನರ್ಸ್ ಬೇಕು, ಅದರ ಖರ್ಚೂ ಹೆಚ್ಚು. ಸುಂದರ ಕಟ್ಟಡಗಳಲ್ಲೂ ‘ಇನ್ನು ನಮ್ಮಿಂದಾಗದು, ಕರೆದೊಯ್ಯಿರಿ’ ಎಂಬ ಫೋನು ಮಕ್ಕಳಿಗೆ ಹೋಗುವುದನ್ನು ಕಂಡಿದ್ದೇನೆ. ಹಳೆಯ ಷರತ್ತು ಅರ್ಜಿಯಿಂದ ಮಾಯವಾಗಿದೆ, ವ್ಯವಹಾರದಿಂದ ಮಾಯವಾಗಿಲ್ಲ.

2007ರ ಹಿರಿಯ ನಾಗರಿಕರ ಕಾಯ್ದೆ, ಕನಿಷ್ಠ 150 ಬಡ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮ ಪ್ರತಿ ಜಿಲ್ಲೆಗೂ ಬೇಕೆನ್ನುತ್ತದೆ. ಅಲ್ಲಿ ಸೂರಿನ ಜೊತೆ ಮಗ್ಗುಲು ತಿರುಗಿಸುವ ಕೈಗಳೂ ಇರಬೇಕು.

ಅಪ್ಪ ಅಮ್ಮನನ್ನು ಎಲ್ಲಿಗಾದರೂ ಸೇರಿಸುವ ಮುನ್ನ ತೋಟ, ಊಟದ ಮನೆ ನೋಡಿ ಒಪ್ಪಿಕೊಂಡು ಬರಬೇಡಿ. ರಾತ್ರಿ ಪಾಳಿಯಲ್ಲಿ ನರ್ಸ್ ಇದ್ದಾರೆಯೇ, ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ, ಆಗ ತಿಂಗಳಿಗೆ ಎಷ್ಟಾಗುತ್ತದೆ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಕೇಳಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಅಲ್ಲಿ ಇರಬೇಕಾದವರು ಅವರು.